ಮೊದಲ ಮಾಡೆಲ್ ವಿಮಾನ ಜೆಟ್ ಬೇಡ, ನಿಧಾನದ್ದು ಇರಲಿ

ಬೀದರಿನಲ್ಲಿ ಬೆಳೆದ ಹುಡುಗರಿಗೆ ವಿಮಾನ ಅಂದರೆ ಹಾಕ್ ಜೆಟ್. ಇಲ್ಲಿನ ವಾಯುನೆಲೆ, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ತವರು. ಒಂಬತ್ತು ಕೆಂಪು-ಬಿಳಿ ಜೆಟ್‌ಗಳು ಸಾಲುಗಟ್ಟಿ ತಲೆ ಮೇಲೆ ಹೋಗುವುದನ್ನು ನೋಡಿದವರು, ಹಾರಿಸುವ ಮಾಡೆಲ್ ಕಿಟ್ ಕೊಳ್ಳಲು ಕೂತಾಗ ಮೊದಲು ಹುಡುಕುವುದೇ ಅಂಥದ್ದನ್ನು. ಚೂಪು ಮೂಗು, ಹಿಂದಕ್ಕೆ ಬಾಗಿದ ಪುಟ್ಟ ರೆಕ್ಕೆ. ಚೆಂದ ಇದೆ, ಅನುಮಾನವೇ ಇಲ್ಲ. ಆದರೆ ಹೊಸಬರ ಕೈಯಲ್ಲಿ ಅದು ನೆಲಕ್ಕೆ ಬಡಿಯಲು ಅರ್ಧ ನಿಮಿಷ ಸಾಕು. ವಾಯುಪಡೆಯ ಪೈಲಟ್‌ಗಳೂ ಮೊದಲ ದಿನವೇ ಹಾಕ್ ಹತ್ತುವುದಿಲ್ಲ ಅಲ್ವಾ? ಪ್ರೊಪೆಲ್ಲರ್ ಇರುವ ಪಿಲಾಟಸ್‌ನಲ್ಲಿ ಕೈ ಪಳಗಿಸಿಕೊಂಡ ಮೇಲೆಯೇ ಹಾಕ್.

ಡಬ್ಬಿಯ ಮೇಲಿನ ಚಿತ್ರ ಬಿಡಿ, ಎರಡು ಅಂಕಿ ನೋಡಿ. ಹಾರುವಾಗಿನ ಒಟ್ಟು ತೂಕ ಎಷ್ಟು, ರೆಕ್ಕೆಯ ವಿಸ್ತೀರ್ಣ ಎಷ್ಟು. ರೆಕ್ಕೆ ಈ ತುದಿಯಿಂದ ಆ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ 10 ಸೆಂ.ಮೀ. ಉದ್ದಗಲದ 24 ಚೌಕ ಮಾಡಬಹುದು. ವಿಮಾನದ ತೂಕ 720 ಗ್ರಾಂ ಆದರೆ ಒಂದು ಚೌಕ ಹೊರುವುದು 30 ಗ್ರಾಂ. ಇಂಥ ವಿಮಾನ ಗಂಟೆಗೆ ಸುಮಾರು 25 ಕಿ.ಮೀ. ವೇಗಕ್ಕೆ ಇಳಿದರೂ ಗಾಳಿಯಲ್ಲಿ ನಿಲ್ಲುತ್ತದೆ. ಅಷ್ಟೇ ತೂಕದ, ಅರ್ಧ ವಿಸ್ತೀರ್ಣದ ರೆಕ್ಕೆಯ ಜೆಟ್‌ನಲ್ಲಿ ಚೌಕಕ್ಕೆ 60 ಗ್ರಾಂ ಬೀಳುತ್ತದೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬೇಕಾಗುವ ವೇಗ ಎರಡು ಪಟ್ಟಾಗುವುದಿಲ್ಲ, 1.4 ಪಟ್ಟು ಆಗುತ್ತದೆ. ಅಂದರೆ ಗಂಟೆಗೆ ಸುಮಾರು 35 ಕಿ.ಮೀ.; ಅದೂ ಬೀಳದೇ ಇರಲು ಬೇಕಾದ ಕನಿಷ್ಠ ವೇಗ. ಎಡವೋ ಬಲವೋ ಅಂತ ನೀವು ಅರ್ಧ ಸೆಕೆಂಡ್ ಯೋಚಿಸುವಷ್ಟರಲ್ಲಿ ಅದು ಸುಮಾರು 5 ಮೀಟರ್ ಮುಂದೆ ಹೋಗಿರುತ್ತದೆ. ವಿಮಾನ ನಿಮ್ಮ ಕಡೆಗೇ ಬರುವಾಗ ಎಡ-ಬಲ ಅದಲುಬದಲಾಗಿ ಕಾಣುವುದರಿಂದ ಈ ಗೊಂದಲ ಆಗಿಯೇ ಆಗುತ್ತದೆ. ಒಂದು ಮೀಟರ್ ಆಸುಪಾಸಿನ ರೆಕ್ಕೆಯಿದ್ದರೆ, ಚೌಕಕ್ಕೆ 35 ಗ್ರಾಂ ದಾಟದ ಕಿಟ್ ತಗೊಳ್ಳಿ ಅನ್ನುವುದು ನನ್ನ ಮಾತು.

ನಮ್ಮ ಕಡೆ ಬಿಸಿಲಿನ ಲೆಕ್ಕವೂ ಇದೆ. 15 ಡಿಗ್ರಿಯ ಚಳಿಗಾಲದ ಬೆಳಗಿಗೆ ಹೋಲಿಸಿದರೆ 40 ಡಿಗ್ರಿಯ ಮಧ್ಯಾಹ್ನ ಗಾಳಿ ಸುಮಾರು ಶೇ 8ರಷ್ಟು ತೆಳುವಾಗಿರುತ್ತದೆ. ಅದೇ ವಿಮಾನಕ್ಕೆ ಇನ್ನೂ ಸ್ವಲ್ಪ ಜಾಸ್ತಿ ವೇಗ ಬೇಕು. ಜೊತೆಗೆ ಕಾದ ಎರೆಭೂಮಿಯಿಂದ ಬಿಸಿ ಗಾಳಿ ಎದ್ದು ಹಗುರ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಕಲಿಯುವವರು ಹೊತ್ತು ಹುಟ್ಟಿದ ಒಂದೆರಡು ತಾಸಿನೊಳಗೆ ಮುಗಿಸಿಬಿಡಬೇಕು.

ಇನ್ನು ಆಕಾರ. ರೆಕ್ಕೆ ದೇಹದ ಮೇಲ್ಭಾಗದಲ್ಲಿ ಕೂತಿರಲಿ, ಎದುರಿನಿಂದ ನೋಡಿದರೆ ತುದಿಗಳು ಸ್ವಲ್ಪ ಮೇಲಕ್ಕೆ ಎದ್ದಿರಲಿ. ವಿಮಾನ ಎಡಕ್ಕೆ ವಾಲಿದರೆ ಎಡಕ್ಕೇ ಜಾರತೊಡಗುತ್ತದೆ. ಆಗ ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚಿನ ಕೋನದಲ್ಲಿ ತಾಗಿ, ಅದನ್ನು ತಾನಾಗಿಯೇ ಎತ್ತಿ ನೇರ ಮಾಡುತ್ತದೆ. ಇದೇನು ಹೊಸದಲ್ಲ. 1871ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫೋನ್ಸ್ ಪೆನೊ ಎಂಬ ಯುವಕ ರಬ್ಬರ್ ಸುತ್ತಿ ಹಾರಿಸಿದ ಮಾಡೆಲ್‌ನ ರೆಕ್ಕೆಯ ತುದಿಗಳೂ ಹೀಗೇ ಮೇಲೆದ್ದಿದ್ದವು. ಯಾರೂ ಮುಟ್ಟದೆ, ರಿಮೋಟ್ ಇಲ್ಲದೆ ಅದು 11 ಸೆಕೆಂಡ್‌ನಲ್ಲಿ ಸುಮಾರು 40 ಮೀಟರ್ ಹಾರಿತು.

ಜೋಡಿಸಿದ ಮೇಲೆ ಹಾರಿಸುವ ಅವಸರ ಬೇಡ. ಬ್ಯಾಟರಿ ಒಳಗಿಟ್ಟು, ರೆಕ್ಕೆಯ ಕೆಳಗೆ ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿ. 20 ಸೆಂ.ಮೀ. ಅಗಲದ ರೆಕ್ಕೆಯಾದರೆ ಬೆರಳು ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಹಿಂದೆ ಇರಬೇಕು (ಕಿಟ್‌ನ ಹಾಳೆಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ). ಮೂಗು ಒಂಚೂರು ಕೆಳಗೆ ಬಾಗಿದರೆ ಪರವಾಗಿಲ್ಲ. ಬಾಲ ಕೆಳಗೆ ಹೋದರೆ ಹಾರಿಸಲೇಬೇಡಿ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಮತ್ತೆ ನೋಡಿ. ಬಾಲ ಭಾರವಾದ ವಿಮಾನ ಒಮ್ಮೆ ಮೂಗೆತ್ತಿತು ಅಂದರೆ ಇನ್ನೂ ಎತ್ತುತ್ತಲೇ ಹೋಗಿ, ವೇಗ ಕಳೆದುಕೊಂಡು ಬೀಳುತ್ತದೆ.

ಕೊಳ್ಳುವಾಗ 'ಆರ್‌ಟಿಎಫ್' ಅಂತಿದ್ದರೆ ರಿಮೋಟ್, ಬ್ಯಾಟರಿ, ಚಾರ್ಜರ್ ಸಾಮಾನ್ಯವಾಗಿ ಅದರಲ್ಲೇ ಬರುತ್ತವೆ. 'ಪಿಎನ್‌ಪಿ' ಅಂತಿದ್ದರೆ ರಿಮೋಟ್, ರಿಸೀವರ್, ಬ್ಯಾಟರಿ ಬೇರೆ ಕೊಳ್ಳಬೇಕು, ಕಡಿಮೆ ಬೆಲೆ ನೋಡಿ ಹಿಗ್ಗಬೇಡಿ. ಬಾಲ್ಸಾ ಕಟ್ಟಿಗೆಯ ಕಿಟ್ ಕಟ್ಟುವುದರಲ್ಲಿ ಒಂದು ಸುಖವಿದೆ, ಆದರೆ ಮೊದಲನೆಯದಕ್ಕೆ ಮೆತ್ತನೆಯ ಫೋಮ್ ವಾಸಿ; ಬಿದ್ದು ಮುರಿದರೂ ಅಂಟಿಸಬಹುದು. ಥರ್ಮೋಕೋಲ್‌ಗೆ ಮಾತ್ರ ಫೆವಿಕ್ವಿಕ್ ಥರದ ಅಂಟು ಹಾಕಬೇಡಿ, ಕರಗಿ ತೂತು ಬೀಳುತ್ತದೆ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಇನ್ನು ಎಲ್ಲಿ ಹಾರಿಸುವುದು? ರಿಮೋಟ್ ಮಾಡೆಲ್‌ಗಳೂ 2021ರ ಡ್ರೋನ್ ನಿಯಮಗಳಡಿ ಬರುತ್ತವೆ. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬೀದರ್ ನಗರದಲ್ಲಂತೂ ವಾಯುನೆಲೆ ಪಕ್ಕದಲ್ಲೇ ಇದೆ, ಹಾಗಾಗಿ ಮನೆ ಹತ್ತಿರದ ಮೈದಾನದ ಆಸೆ ಬಿಡಿ. 2019ರಲ್ಲಿ ನಿಲ್ದಾಣ ಶುರುವಾದ ಮೇಲೆ ಕಲಬುರಗಿಯವರೂ ಸರ್ಕಾರದ ವಾಯುಪ್ರದೇಶ ನಕ್ಷೆ ನೋಡಿಯೇ ಜಾಗ ಹುಡುಕಬೇಕು. ದೂರದ ಹಳ್ಳಿಯಲ್ಲಿ ಪರಿಚಯದವರ ಹೊಲ ಸಿಕ್ಕರೆ ಒಳ್ಳೆಯದು, ಆದರೆ ತೊಗರಿ ಕೊಯ್ದ ಹೊಲ ಬೇಡ. ಅಲ್ಲಿ ಉಳಿದ ಮೋಟುಗಳು ಈಟಿಯಂತೆ ನಿಂತು ಫೋಮ್ ಹೊಟ್ಟೆಯನ್ನು ಸೀಳಿಬಿಡುತ್ತವೆ. ಹೊಲ ಎಂಥದ್ದೇ ಇರಲಿ, ಕಿಟ್ ಜೊತೆಗೇ ನಾಲ್ಕೈದು ಪ್ರೊಪೆಲ್ಲರ್ ಜಾಸ್ತಿ ತರಿಸಿಕೊಳ್ಳಿ. ಇಳಿಯುವಾಗ ಮೊದಲು ಮುರಿಯುವುದು ಅದೇ.