ಎಂಟರವರೆಗೆ ಎಣಿಸುವ ಆಟ

ಆಟ ಅರ್ಧ ದಾಟಿದೆ. ಮೇಜಿನ ನಡುವೆ ಇಪ್ಪತ್ತು ಎಲೆಗಳ ರಾಶಿ, ಅದರೊಳಗಿಂದ ಅಡ್ಡಲಾಗಿ ಇಣುಕುತ್ತಿರುವ ಒಂದು ಜೋಕರ್. ನನ್ನ ಕೈಯಲ್ಲಿ ಮೂರು ರಾಜರಿದ್ದಾರೆ. ಒಂದನ್ನು ಎಸೆಯಲೇ?

ಕೆನಾಸ್ಟಾ ರಮ್ಮಿಯ ಬಳಗದ ಆಟ. 1939ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ವಕೀಲ ಸೆಗುಂಡೊ ಸಾಂತೋಸ್ ಮತ್ತು ವಾಸ್ತುಶಿಲ್ಪಿ ಆಲ್ಬರ್ಟೊ ಸೆರಾಟೊ ಇದನ್ನು ರೂಪಿಸಿದರು. ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ಬುಟ್ಟಿ ಎಂದರ್ಥ. ಇಬ್ಬಿಬ್ಬರ ಎರಡು ಜೋಡಿ, ಎರಡು ಕಟ್ಟು ಇಸ್ಪೀಟು, ಜೋಕರ್ ಸೇರಿ 108 ಎಲೆ, ಒಬ್ಬೊಬ್ಬರಿಗೆ 11. ರಮ್ಮಿಯಲ್ಲಿರುವಂತೆ ಸಾಲು ಜೋಡಿಸುವಂತಿಲ್ಲ. ಒಂದೇ ಅಂಕಿಯ ಎಲೆಗಳನ್ನು ಮಾತ್ರ ಕೂಡಿಸಬೇಕು. ಏಳು ಕೂಡಿದರೆ ಅದೇ ಕೆನಾಸ್ಟಾ: ಅಪ್ಪಟವಾದರೆ 500 ಅಂಕ, ಯಾವ ಅಂಕಿಯ ಜಾಗದಲ್ಲಾದರೂ ನಿಲ್ಲುವ ಬದಲಿ ಎಲೆ ಬೆರೆತರೆ 300. ನಾಲ್ಕು ಜೋಕರ್, ಎರಡರ ಅಂಕಿಯ ಎಂಟು ಎಲೆ, ಒಟ್ಟು 12 ಬದಲಿ ಎಲೆಗಳು. ಹಂಚಿದ 11ರಲ್ಲಿ ಇವುಗಳ ಪೈಕಿ ಒಂದಾದರೂ ಇರುವ ಸಂಭವನೀಯತೆ ಸುಮಾರು ಶೇ. 74. ಹಾಗಾಗಿ ಜೋಕರ್ ಬಂತೆಂದು ಬೀಗುವುದರಲ್ಲಿ ಅರ್ಥವಿಲ್ಲ, ಎದುರಾಳಿಗೂ ಬಂದಿರುತ್ತದೆ.

ಆಟದ ಜೀವವಿರುವುದು ಎಸೆದ ಎಲೆಗಳ ರಾಶಿಯಲ್ಲಿ. ಮೇಲಿನ ಎಲೆಗೆ ಹೊಂದುವುದು ಕೈಯಲ್ಲಿದ್ದರೆ ಇಡೀ ರಾಶಿಯನ್ನೇ ಬಾಚಿಕೊಳ್ಳಬಹುದು. ಆದರೆ ಯಾರಾದರೂ ಬದಲಿ ಎಲೆ ಎಸೆದರೆ ರಾಶಿಗೆ ಬೀಗ ಬಿದ್ದಂತೆ. ಆಮೇಲೆ ಮೇಲಿನ ಎಲೆಯದೇ ಅಂಕಿಯ ಅಪ್ಪಟ ಜೋಡಿ ಕೈಯಲ್ಲಿದ್ದವರಿಗಷ್ಟೇ ಅದು ಸಿಗುತ್ತದೆ.

ಈಗ ನನ್ನ ರಾಜರಿಗೆ ಬರೋಣ. ಎರಡು ಕಟ್ಟುಗಳಲ್ಲಿ ಸೇರಿ ಎಂಟು ರಾಜರು. ಮೇಜಿನ ಮೇಲೆ ಯಾರೂ ರಾಜರನ್ನು ಇಳಿಸಿಲ್ಲ. ನಾಲ್ಕು ರಾಶಿಯೊಳಗೆ ಹೋಗಿವೆ, ಮೂರು ನನ್ನಲ್ಲಿವೆ, ಉಳಿದದ್ದು ಒಂದೇ. ಒಂದರಿಂದ ಜೋಡಿಯಾಗದು, ಧೈರ್ಯವಾಗಿ ಎಸೆಯಬಹುದು. ಇದು ಊಹೆಯಲ್ಲ, ಕಳೆಯುವ ಲೆಕ್ಕ. ಆದರೆ ರಾಶಿಯೊಳಗೆ ಹೋದವು ಮೂರೋ ನಾಲ್ಕೋ ಎಂಬ ಅನುಮಾನ ಬಂದರೆ ಲೆಕ್ಕ ಕುಸಿಯುತ್ತದೆ, ಏಕೆಂದರೆ ಕಾಣುವುದು ಮೇಲಿನ ಎಲೆ ಮಾತ್ರ. ಹೀಗೆ ಒಂದನ್ನು ತಪ್ಪಿ ಎಣಿಸಿ ಇಡೀ ರಾಶಿಯನ್ನು ಎದುರಾಳಿಗೆ ಒಪ್ಪಿಸಿದ ಸಂಜೆಗಳು ನನ್ನ ಪಾಲಿಗೂ ಇವೆ. ಜೊತೆಗಾರ ಏನೂ ಹೇಳಲಿಲ್ಲ, ಬೈದಿದ್ದರೇ ವಾಸಿಯಿತ್ತು.

ಇಷ್ಟೊಂದು ನೆನಪಿಡುವುದು ಹೇಗೆ? ಮನಸ್ಸು ಒಂದು ಹೊತ್ತಿಗೆ ಹಿಡಿದಿಡುವುದು ಏಳು ತುಣುಕುಗಳ ಆಸುಪಾಸು ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆ ಸಂಖ್ಯೆ ಇನ್ನೂ ಚಿಕ್ಕದು ಎನ್ನುವವರು ನಂತರ ಬಂದರು. ಬಿಡಿ ಬಿಡಿಯಾದವನ್ನು ಗಂಟು ಕಟ್ಟಿಕೊಂಡರೆ ಹೆಚ್ಚು ಹಿಡಿಸುತ್ತದೆ ಎಂಬುದೂ ಮಿಲ್ಲರ್ ಅವರದೇ ಮಾತು. ನುರಿತವರು ಮಾಡುವುದು ಅದನ್ನೇ. ಎಲ್ಲ ಎಲೆಗಳನ್ನೂ ನೆನಪಿಡಲು ಹೋಗದೆ, ತಮ್ಮ ಕೈಯಲ್ಲಿರುವ ಎರಡು ಮೂರು ಅಂಕಿಗಳ ಎಣಿಕೆಯನ್ನಷ್ಟೇ ಇಟ್ಟುಕೊಳ್ಳುತ್ತಾರೆ.

ನನಗೆ ಬಹಳ ಇಷ್ಟವಾಗುವ ನಿಯಮ ಮತ್ತೊಂದಿದೆ. ಮೊದಲ ಸಲ ಎಲೆ ಇಳಿಸಲು ಕನಿಷ್ಠ 50 ಅಂಕ ಬೇಕು. ಜೋಡಿಯ ಒಟ್ಟು ಮೊತ್ತ 1500 ಮುಟ್ಟಿದರೆ 90, 3000 ಮುಟ್ಟಿದರೆ 120. ಎಕ್ಕಕ್ಕೆ 20, ಜೋಕರ್‌ಗೆ 50. ಎರಡು ಎಕ್ಕ, ಒಂದು ಜೋಕರ್ ಸೇರಿದರೆ 90. ಹಿಂದುಳಿದವರು ಅಷ್ಟರಲ್ಲೇ ಆಟ ಆರಂಭಿಸುತ್ತಾರೆ, 3000 ದಾಟಿದವರು ಅದಕ್ಕೆ ಇನ್ನೂ ಮೂರು ರಾಜರನ್ನು ಸೇರಿಸಬೇಕು. ಮುಂದೆ ಓಡುವವರ ಕಾಲಿಗೆ ತೂಕ ಕಟ್ಟುವ ಇದು, ಬಿಸಿಯಾದಾಗ ತಾನೇ ಆರುವ ಇಸ್ತ್ರಿಪೆಟ್ಟಿಯ ಥರ್ಮೋಸ್ಟಾಟ್ ಇದ್ದಂತೆ. ಗೆಲುವಿನ ಗೆರೆಯಾದ 5000ದ ಹತ್ತಿರಕ್ಕೂ ಆಟ ಜಿದ್ದಾಜಿದ್ದಿಯಾಗಿಯೇ ಉಳಿಯುವುದರಲ್ಲಿ ಇದರ ಪಾಲು ದೊಡ್ಡದು.

ನಾನು ರಾಜನನ್ನು ಎಸೆದೆ. ಎಡಗಡೆಯವರು ನನ್ನ ಮುಖ ನೋಡಿದರು, ರಾಶಿ ನೋಡಿದರು, ಕಟ್ಟಿನಿಂದ ಒಂದು ಎಲೆ ಎತ್ತಿಕೊಂಡರು.