ಕೆಂಪು ಟೀಯಿಂದ ಆಡಿದರೆ ಮಾನ ಹೋಗುತ್ತದೆಯೇ?

ಪ್ರಶ್ನೆ: ನನಗೆ ನಲವತ್ತನಾಲ್ಕು ವರ್ಷ. ಗಾಲ್ಫ್ ಕಲಿಯಲು ಆರಂಭಿಸಿ ಒಂದೂವರೆ ವರ್ಷವಾಯಿತು. ಭಾನುವಾರ ಬೆಳಿಗ್ಗೆ ಕಚೇರಿಯ ಮೂವರು ಗೆಳೆಯರೊಡನೆ ಆಡುತ್ತೇನೆ. ಅವರು ನೀಲಿ ಟೀಯಿಂದ, ಅಂದರೆ ನೀಲಿ ಗುರುತಿನ ಆರಂಭದ ಕಟ್ಟೆಯಿಂದ, ಹೊಡೆಯುತ್ತಾರೆ, ನಾನೂ ಅಲ್ಲಿಂದಲೇ ಹೊಡೆಯುತ್ತೇನೆ. ಹದಿನೆಂಟು ಹೋಲ್ ಮುಗಿಯುವ ಹೊತ್ತಿಗೆ ನನ್ನ ಹೊಡೆತಗಳ ಲೆಕ್ಕ ನೂರಿಪ್ಪತ್ತು ದಾಟಿರುತ್ತದೆ. "ಮುಂದಿನ ಕೆಂಪು ಟೀಗೆ ಹೋಗಿ ಸರ್" ಎಂದು ಚೀಲ ಹೊರುವ ಕ್ಯಾಡಿ ಹೇಳುತ್ತಾರೆ. ಅದು ಹೆಂಗಸರ ಟೀ ಎಂದು ಗೆಳೆಯರು ನಗುತ್ತಾರೆ. ನನ್ನ ಮಟ್ಟಕ್ಕೆ ಯಾವ ಟೀ ಸರಿ? ಹಾಗೆಯೇ, ಚೆಂಡು ಕೂರಿಸುವ ಮರದ ಟೀ ಎಷ್ಟು ಎತ್ತರ ಇರಬೇಕು?

ಉತ್ತರ: ಕ್ಯಾಡಿಯ ಮಾತು ಕೇಳಿ. ನಿಮ್ಮ ಚೆಂಡು ನಿಜವಾಗಿ ಎಲ್ಲಿ ಬೀಳುತ್ತದೆ ಎಂಬುದು ನಿಮ್ಮ ನಾಲ್ವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಪೊದೆಗೆ ನುಗ್ಗಿ ಅದನ್ನು ಹುಡುಕುವವರು ಅವರೇ ತಾನೆ?

ಮೊದಲು ಬಣ್ಣದ ವಿಷಯ ಮುಗಿಸೋಣ. ಪ್ರತಿ ಹೋಲ್‌ನ ಆರಂಭದಲ್ಲಿ ಹುಲ್ಲು ಬೆಳೆಸಿದ ಸಮತಟ್ಟು ಕಟ್ಟೆಗಳು ಒಂದರ ಮುಂದೊಂದು ಇರುತ್ತವೆ. ಒಂದೊಂದರ ಮೇಲೂ ಒಂದು ಬಣ್ಣದ ಎರಡು ಗುರುತುಗಳು. ಸಾಮಾನ್ಯವಾಗಿ ಕಪ್ಪು ಅಥವಾ ನೀಲಿ ಎಲ್ಲಕ್ಕಿಂತ ಹಿಂದೆ, ಬಿಳಿ ನಡುವೆ, ಕೆಂಪು ಮುಂದೆ. ಹಳದಿ ಮತ್ತು ಚಿನ್ನದ ಬಣ್ಣಗಳ ಜಾಗ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಯಾವ ಬಣ್ಣ ಯಾರಿಗೆ ಎಂದು ಗಾಲ್ಫ್ ನಿಯಮಗಳು ಎಲ್ಲಿಯೂ ಹೇಳುವುದಿಲ್ಲ. ಬ್ರಿಟನ್ನಿನ ಕೆಲವು ಕ್ಲಬ್ಬುಗಳು ಬಣ್ಣಗಳ ತಂಟೆಯೇ ಬೇಡವೆಂದು ಟೀಗಳಿಗೆ ಅಂಕಿಗಳ ಹೆಸರು ಕೊಟ್ಟಿವೆ. ಹಾಗಾಗಿ ಸ್ಕೋರ್‌ಕಾರ್ಡಿನಲ್ಲಿ ನೀವು ನೋಡಬೇಕಾದದ್ದು ಬಣ್ಣವನ್ನಲ್ಲ, ಆ ಸಾಲಿನ ಕೊನೆಯಲ್ಲಿರುವ ಒಟ್ಟು ಯಾರ್ಡ್‌ಗಳನ್ನು.

ಹೀಗೆ ಬುದ್ಧಿ ಹೇಳುವ ನಾನೂ ಆರು ವರ್ಷ ನೀಲಿ ಟೀ ಬಿಟ್ಟು ಕದಲಿದವನಲ್ಲ. ನಮ್ಮ ಕೋರ್ಸಿನಲ್ಲಿ 410 ಯಾರ್ಡಿನ ಒಂದು ಪಾರ್-4 ಇತ್ತು. ನನ್ನ ಒಳ್ಳೆಯ ಡ್ರೈವ್, ಅಂದರೆ ಟೀಯಿಂದ ಹೊಡೆಯುವ ಮೊದಲ ಉದ್ದ ಹೊಡೆತ, 200 ಯಾರ್ಡ್. ಅಲ್ಲಿಗೆ ಗುಳಿಯಿರುವ ನುಣುಪು ಹುಲ್ಲಿನ ಗ್ರೀನ್‌ಗೆ ಇನ್ನೂ 210 ಉಳಿಯುತ್ತಿತ್ತು. ದೂರದ ಹೊಡೆತದ ಕೋಲಾದ ಮೂರನೇ ವುಡ್ ಹಿಡಿದು ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಬೀಸುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಅದು ಬಲಗಡೆಯ ಮರಗಳಿಗೆ. ಆರು ವರ್ಷದಲ್ಲಿ ಆ ಹೋಲ್‌ನಲ್ಲಿ ಎರಡನೇ ಹೊಡೆತಕ್ಕೆ ಗ್ರೀನ್ ಮುಟ್ಟಿದ್ದು ನೆನಪಿಲ್ಲ. ಅದೇ ಹೋಲ್ ಕೆಂಪಿನಿಂದ 340. ಅದೇ ಡ್ರೈವ್ ಹೊಡೆದರೆ ಉಳಿಯುವುದು 140, ಕೈಗೆ ಬರುವುದು ಏಳನೇ ಐರನ್ ಎಂಬ ಗಿಡ್ಡ ಕೋಲು. ಚೆಂಡು ಗಾಳಿಗೆದ್ದು ಗ್ರೀನ್ ಮೇಲೆ ಬಿದ್ದು ನಿಲ್ಲುವ ಸಂಭವ ಇರುವ ಆಟ ಅದು. ಪಾರ್ ಎಂಬ ಲೆಕ್ಕ ಹುಟ್ಟಿದ್ದೇ ಹಾಗೆ: ಪಾರ್-4ರಲ್ಲಿ ಎರಡು ಹೊಡೆತಕ್ಕೆ ಗ್ರೀನ್, ಮತ್ತೆರಡು ಪಟ್‌ಗೆ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಗುಳಿ. ಎಷ್ಟೇ ಚೆನ್ನಾಗಿ ಹೊಡೆದರೂ ಎರಡರಲ್ಲಿ ತಲುಪಲಾಗದ ಜಾಗದಿಂದ ಆರಂಭಿಸುವವನು ಆ ಆಟವನ್ನು ಆಡುತ್ತಲೇ ಇಲ್ಲ, ಚೆಂಡನ್ನು ಹೊತ್ತು ನಡೆಯುತ್ತಿದ್ದಾನೆ ಅಷ್ಟೆ.

ಇನ್ನೊಂದು ನಷ್ಟ ಕಣ್ಣಿಗೆ ಬೇಗ ಬೀಳುವುದಿಲ್ಲ. ಕೋರ್ಸ್ ವಿನ್ಯಾಸ ಮಾಡುವವರು ಬಂಕರ್ ಎಂಬ ಮರಳುಗುಂಡಿಯನ್ನೋ ಕೆರೆಯನ್ನೋ ಡ್ರೈವ್ ಬೀಳುವ ಜಾಗದಲ್ಲಿ ಇಟ್ಟು, ಬಳಸಿಕೊಂಡು ಹೋಗುತ್ತೀಯೋ ದಾಟಿಸುತ್ತೀಯೋ ಎಂದು ಆಟಗಾರನನ್ನು ಕೆಣಕುತ್ತಾರೆ. ನೀಲಿಯಿಂದ 240 ಯಾರ್ಡ್ ದೂರದ ಬಂಕರ್ ನಿಮ್ಮನ್ನೂ ನನ್ನನ್ನೂ ಏನೂ ಕೇಳುವುದಿಲ್ಲ, ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲವಲ್ಲ. ಮುಂದಿನ ಟೀಗೆ ಬಂದ ಮೊದಲ ವಾರ ನಾನು ಆ ಬಂಕರಿಗೆ ಮೂರು ಸಲ ಬಿದ್ದೆ. ಖುಷಿಯಾಯಿತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. 'ಮಟ್ಟ' ಎನ್ನುವುದಕ್ಕಿಂತ 'ದೂರ' ಎನ್ನಿ. ಟೀ ಆಯ್ಕೆ ಮಾಡಲು ವಯಸ್ಸು, ಲಿಂಗ, ಎಷ್ಟು ವರ್ಷದ ಅನುಭವ ಎಂಬ ಯಾವುದೂ ಬೇಕಾಗಿಲ್ಲ. ನಿಮ್ಮ ಡ್ರೈವ್ ಎಷ್ಟು ದೂರ ಹೋಗುತ್ತದೆ ಎಂಬುದು ಬೇಕು. 2011ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಗಳಾದ ಯುಎಸ್‌ಜಿಎ ಮತ್ತು ಪಿಜಿಎ ಆಫ್ ಅಮೆರಿಕ ಸೇರಿ, 'ಟೀ ಇಟ್ ಫಾರ್ವರ್ಡ್' ಎಂಬ ಹೆಸರಿನಲ್ಲಿ, ಮುಂದಿನ ಟೀಯಿಂದ ಆಡಿ ಎಂಬ ಪ್ರಚಾರ ಆರಂಭಿಸಿದವು. ಆಗ ಕೊಟ್ಟ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ. ಡ್ರೈವ್ ಸರಾಸರಿ 275 ಯಾರ್ಡ್ ಇದ್ದರೆ 6,700ರಿಂದ 6,900 ಯಾರ್ಡಿನ ಕೋರ್ಸ್, 250 ಇದ್ದರೆ 6,200ರಿಂದ 6,400, 225ಕ್ಕೆ 5,800ರಿಂದ 6,000, 200ಕ್ಕೆ 5,200ರಿಂದ 5,400, 175ಕ್ಕೆ 4,400ರಿಂದ 4,600. ಇದಕ್ಕಿಂತ ಸುಲಭದ ಬಾಯಿಲೆಕ್ಕವೂ ಒಂದಿದೆ. ಐದನೇ ಐರನ್‌ನಲ್ಲಿ ನೀವು ಹೊಡೆಯುವ ದೂರವನ್ನು 36ರಿಂದ ಗುಣಿಸಿ. 145 ಯಾರ್ಡ್ ಎಂದಾದರೆ 5,220.

ಇದನ್ನೇ ತಿರುಗಿಸಿ ನಿಮ್ಮ ಗೆಳೆಯರಿಗೆ ಹಾಕಿ. ನಿಮ್ಮ ಕ್ಲಬ್ಬಿನ ನೀಲಿ ಟೀ 6,700 ಯಾರ್ಡ್ ಇದೆ ಎಂದುಕೊಳ್ಳೋಣ. 36ರಿಂದ ಭಾಗಿಸಿದರೆ 186. ಐದನೇ ಐರನ್‌ನಲ್ಲಿ 186 ಯಾರ್ಡ್ ಹೊಡೆಯುವವರು ಆ ಮೂವರಲ್ಲಿ ಎಷ್ಟು ಮಂದಿ? ಕೋರ್ಸ್ ಎಷ್ಟು ಕಷ್ಟ ಎಂದು ರೇಟಿಂಗ್ ಕೊಡುವಾಗ ಮಾದರಿಯಾಗಿ ಇಟ್ಟುಕೊಳ್ಳುವ 'ಬೋಗಿ ಆಟಗಾರ', ಅಂದರೆ ಸುಮಾರು 20ರ ಹ್ಯಾಂಡಿಕ್ಯಾಪಿನ (ಆಟದ ಮಟ್ಟ ಸರಿದೂಗಿಸಲು ಬಿಟ್ಟುಕೊಡುವ ಹೊಡೆತಗಳ ಲೆಕ್ಕ) ಗಂಡಸು, ಡ್ರೈವ್ ಹೊಡೆಯುವುದು 200 ಯಾರ್ಡ್. 370 ಯಾರ್ಡಿನ ಹೋಲನ್ನು ಅವನು ಎರಡು ಹೊಡೆತದಲ್ಲಿ ಮುಟ್ಟಬಲ್ಲ, ಅದಕ್ಕಿಂತ ಉದ್ದ ಇದ್ದರೆ ಇಲ್ಲ. ಟಿವಿಯಲ್ಲಿ 300 ಯಾರ್ಡ್ ಹೊಡೆಯುವವರನ್ನು ನೋಡಿ ನೋಡಿ ನಮಗೆ ಈ 200 ಎಂಬುದು ಅವಮಾನದಂತೆ ಕೇಳಿಸುತ್ತದೆ.

ದೂರವನ್ನು ಪ್ರಾಮಾಣಿಕವಾಗಿ ಅಳೆಯುವುದೇ ಕಷ್ಟದ ಕೆಲಸ. "ನಿಮ್ಮ ಡ್ರೈವ್ ಎಷ್ಟು?" ಎಂದು ಯಾರನ್ನು ಕೇಳಿದರೂ ಕಳೆದ ವರ್ಷ ಗಾಳಿ ಬೆನ್ನಿಗಿದ್ದ ದಿನ, ಇಳಿಜಾರಿನಲ್ಲಿ, ಗಟ್ಟಿ ನೆಲದ ಮೇಲೆ ಉರುಳಿದ ಆ ಒಂದೇ ಒಂದು ಹೊಡೆತವನ್ನು ಹೇಳುತ್ತಾರೆ. ಡ್ರೈವಿಂಗ್ ರೇಂಜಿನ ಸವೆದ ಚೆಂಡುಗಳನ್ನು ನಂಬಬೇಡಿ. ಕೋರ್ಸಿನಲ್ಲಿಯೇ, ಸಮತಟ್ಟಾದ ಹೋಲ್‌ಗಳಲ್ಲಿ, ಹತ್ತು ಡ್ರೈವ್‌ಗಳನ್ನು ಜಿಪಿಎಸ್ ಗಡಿಯಾರದಿಂದಲೋ ಮೊಬೈಲಿನಿಂದಲೋ ಅಳೆದುಕೊಳ್ಳಿ. ಎಲ್ಲಕ್ಕಿಂತ ಉದ್ದದ ಎರಡನ್ನು, ಎಲ್ಲಕ್ಕಿಂತ ಗಿಡ್ಡದ ಎರಡನ್ನು ಬಿಟ್ಟು ಉಳಿದ ಆರರ ಸರಾಸರಿ ತೆಗೆಯಿರಿ. ಇದೂ ರಗಳೆ ಎನಿಸಿದರೆ ಕ್ಯಾಡಿಯನ್ನೇ ಕೇಳಿ. ನನ್ನನ್ನು ಸಂತೋಷಪಡಿಸಬೇಕಿಲ್ಲ, ನಿಜ ಹೇಳಿ ಎಂದು ಮೊದಲೇ ಹೇಳಿರಿ.

ಬೆಂಗಳೂರಿನಲ್ಲಿ ಆಡುವವರಿಗೆ ಸಣ್ಣ ಎಚ್ಚರಿಕೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತುಸು ತೆಳು, ಚೆಂಡು ಶೇ 3ರಷ್ಟು ಹೆಚ್ಚು ದೂರ ಹಾರುತ್ತದೆ. ಇಲ್ಲಿ 200 ಹೊಡೆಯುವವರು ಚೆನ್ನೈಗೋ ಕೋಲ್ಕತ್ತಕ್ಕೋ ಹೋದಾಗ ಆರೇಳು ಯಾರ್ಡ್ ಕಳೆದುಕೊಂಡರೆ ಸೊಂಟ ಹಿಡಿದಿದೆ ಎಂದು ಗಾಬರಿಯಾಗಬೇಕಿಲ್ಲ. ಮಳೆಗಾಲದಲ್ಲಿ ನಷ್ಟ ಇದಕ್ಕಿಂತ ದೊಡ್ಡದು. ಟೀಗೂ ಗ್ರೀನ್‌ಗೂ ನಡುವಿನ ಹುಲ್ಲುಹಾದಿಯಾದ ಫೇರ್‌ವೇ ನೆನೆದಾಗ ಅದರ ಮೇಲೆ ಚೆಂಡು ಬಿದ್ದಲ್ಲೇ ಕೂರುತ್ತದೆ, ಉರುಳಿ ಸಿಗುತ್ತಿದ್ದ ಹದಿನೈದು ಇಪ್ಪತ್ತು ಯಾರ್ಡ್ ಸಿಗುವುದಿಲ್ಲ. ಜುಲೈನಲ್ಲಿ ಒಂದು ಟೀ ಮುಂದೆ, ಫೆಬ್ರುವರಿಯಲ್ಲಿ ಒಂದು ಟೀ ಹಿಂದೆ ಆಡುವುದರಲ್ಲಿ ತಪ್ಪೇನೂ ಇಲ್ಲ.

'ಹೆಂಗಸರ ಟೀ' ಎಂಬ ನಗೆಗೆ ಉತ್ತರ ಟೋಕಿಯೊದಲ್ಲಿದೆ. 2021ರಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಪುರುಷರೂ ಮಹಿಳೆಯರೂ ಆಡಿದ್ದು ಒಂದೇ ಕಸುಮಿಗಸೆಕಿ ಕೋರ್ಸಿನಲ್ಲಿ, ಒಂದು ವಾರದ ಅಂತರದಲ್ಲಿ. ಪುರುಷರಿಗೆ ಸುಮಾರು 7,400 ಯಾರ್ಡ್, ಮಹಿಳೆಯರಿಗೆ ಸುಮಾರು 6,600. ಜಗತ್ತಿನ ಅತ್ಯುತ್ತಮ ಆಟಗಾರ್ತಿಯರಿಗೇ 800 ಯಾರ್ಡ್ ಮುಂದೆ ಟೀ ಹಾಕಿಕೊಟ್ಟಾಗ ಅದು ಯಾರಿಗೂ ರಿಯಾಯಿತಿ ಎನಿಸಲಿಲ್ಲ. ಅಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದರು. ಅವರ ಡ್ರೈವ್ ಎದುರಾಳಿಗಳಿಗಿಂತ ಎಷ್ಟೋ ಹಿಂದೆ ಬೀಳುತ್ತಿತ್ತು, ಗ್ರೀನ್ ಹತ್ತಿರದ ಆಟದಲ್ಲಿಯೂ ಪಟ್‌ನಲ್ಲಿಯೂ ಅವರು ಅದನ್ನು ತುಂಬಿಕೊಂಡರು. ಈಗ ಯೋಚಿಸಿ: ಅವರು ಆಡಿದ್ದು 6,600ರಿಂದ. ನಿಮ್ಮ ಗೆಳೆಯರು ನಿಮ್ಮನ್ನು ನಿಲ್ಲಿಸಿರುವುದು ಎಲ್ಲಿಂದ?

ಹಾಗಾದರೆ ಭಾನುವಾರದ ಪಂದ್ಯ ಏನಾಗಬೇಕು, ನಾಲ್ವರೂ ಒಂದೇ ಟೀಯಿಂದ ಆಡದಿದ್ದರೆ ಅನ್ಯಾಯವಲ್ಲವೇ? ಅಲ್ಲ. ಇದಕ್ಕೆಂದೇ ಪ್ರತಿ ಟೀಗೂ ಬೇರೆ ಬೇರೆ ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳು), ಸ್ಲೋಪ್ ರೇಟಿಂಗ್ (ಸಾಧಾರಣ ಆಟಗಾರನಿಗೆ ಆಗುವ ಹೆಚ್ಚಿನ ಕಷ್ಟ) ಇರುತ್ತದೆ. ಸ್ಲೋಪ್ 55ರಿಂದ 155ರವರೆಗೆ ಹೋಗುತ್ತದೆ, 113 ಅದರ ಮಟ್ಟಗೋಲು. ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ಅದಕ್ಕೆ ರೇಟಿಂಗ್‌ನಲ್ಲಿ ಪಾರ್ ಕಳೆದ ಅಂಕಿ ಕೂಡಿಸಿದರೆ ಆ ಟೀಯಲ್ಲಿ ನಿಮಗೆ ಸಿಗುವ ಹೊಡೆತಗಳ ಲೆಕ್ಕ ಬರುತ್ತದೆ. ಉದಾಹರಣೆಗೆ ಪಾರ್ 72ರ ಕೋರ್ಸ್, ನಿಮ್ಮ ಇಂಡೆಕ್ಸ್ 20 ಎಂದಿಟ್ಟುಕೊಳ್ಳಿ. ಹಿಂದಿನ ಟೀಯ ರೇಟಿಂಗ್ 71.5, ಸ್ಲೋಪ್ 130 ಆದರೆ ನಿಮಗೆ 23 ಹೊಡೆತ. ಮುಂದಿನದು 68.2, ಸ್ಲೋಪ್ 120 ಆದರೆ 17. ಮುಂದೆ ಬಂದದ್ದಕ್ಕೆ ಆರು ಹೊಡೆತ ಬಿಟ್ಟುಕೊಟ್ಟಿರಿ. ಗೆಳೆಯರಿಗೆ ಇದಕ್ಕಿಂತ ಹೆಚ್ಚಿನ ನ್ಯಾಯ ಬೇಕೇ? ನಾನು ನೋಡಿದಂತೆ ಈ ಲೆಕ್ಕ ತೋರಿಸಿದ ಮೇಲೆ ಒಬ್ಬರಾದರೂ ಮೆಲ್ಲಗೆ ನಿಮ್ಮ ಜೊತೆ ಮುಂದೆ ಬರುತ್ತಾರೆ. ಮೊಣಕಾಲು ನೋವಿನವರು ಮೊದಲು.

120 ದಾಟುತ್ತಿರುವ ನಿಮಗೆ ನನ್ನ ನೇರ ಸಲಹೆ: ಕ್ಲಬ್ಬಿನಲ್ಲಿ 5,200 ಯಾರ್ಡ್ ಆಸುಪಾಸಿನ ಟೀ ಯಾವುದೋ ಅಲ್ಲಿಂದ ಆಡಿ, ಅದು ಕೆಂಪೇ ಆಗಿರಲಿ. ಅಷ್ಟೂ ಸಾಲದು ಎನಿಸಿದರೆ, ಸಂಜೆ ಕೋರ್ಸ್ ಖಾಲಿಯಿರುವಾಗ ಟೀಯನ್ನೇ ಬಿಟ್ಟು ಫೇರ್‌ವೇ ಮಧ್ಯದಲ್ಲಿ, ಗ್ರೀನ್‌ನಿಂದ 100 ಯಾರ್ಡ್ ದೂರದಲ್ಲಿ ಚೆಂಡಿಟ್ಟು ಒಂಬತ್ತು ಹೋಲ್ ಆಡಿ ನೋಡಿ. ಅಮೆರಿಕದಲ್ಲಿ ಹೊಸಬರಿಗೆ ಕಲಿಸುವ ಒಂದು ಕ್ರಮ ಗುಳಿಯಿಂದ ಬರೀ 25 ಯಾರ್ಡ್ ದೂರದಲ್ಲಿ ಆರಂಭವಾಗುತ್ತದೆ. ಒಂಬತ್ತು ಹೋಲನ್ನು 36 ಹೊಡೆತದಲ್ಲಿ ಮುಗಿಸಿದ ಮೇಲೆಯೇ 50ಕ್ಕೆ, ಆಮೇಲೆ 100ಕ್ಕೆ ಹಿಂದೆ ಸರಿಯಬೇಕು. ಟೀ ಕಟ್ಟೆ ಅವರಿಗೆ ಕೊನೆಯಲ್ಲಿ ಸಿಗುತ್ತದೆ. ನಾವು ಮೊದಲ ದಿನವೇ ಅದರ ಮೇಲೆ ನಿಂತೆವು.

ಹಿಂದಕ್ಕೆ ಸರಿಯುವ ಕಾಲ ಯಾವುದು? ಎರಡನೇ ಹೊಡೆತಕ್ಕೆ ಚೀಲದಿಂದ ಏನು ತೆಗೆಯುತ್ತೀರಿ ಎಂದು ಗಮನಿಸಿ. ಹೆಚ್ಚಿನ ಪಾರ್-4ಗಳಲ್ಲಿ ವುಡ್ ಬರುತ್ತಿದ್ದರೆ ಟೀ ತುಂಬಾ ಹಿಂದಿದೆ. ಆರರಿಂದ ಒಂಬತ್ತರವರೆಗಿನ ಐರನ್‌ಗಳು ಬದಲಾಯಿಸುತ್ತಾ ಬರುತ್ತಿದ್ದರೆ ಸರಿಯಿದೆ. ನಾಲ್ಕೈದು ವಾರ ಬರೀ ಗಿಡ್ಡ ಹೊಡೆತದ ಕೋಲಾದ ವೆಜ್ ಬರುತ್ತಿದ್ದರೆ ಒಂದು ಕಟ್ಟೆ ಹಿಂದೆ ಹೋಗಿ. ಕೆರೆ ದಾಟಿಸಬೇಕಾದ ಹೋಲ್‌ಗಳನ್ನು ಮಾತ್ರ ಬೇರೆಯಾಗಿ ನೋಡಿ. ಅಲ್ಲಿ ಉರುಳುವ ದೂರ ಲೆಕ್ಕಕ್ಕಿಲ್ಲ, ಚೆಂಡು ಗಾಳಿಯಲ್ಲೇ ಹೋಗುವ ದೂರವಷ್ಟೇ ಲೆಕ್ಕ. 200 ಯಾರ್ಡ್ ಡ್ರೈವಿನಲ್ಲಿ ಅದು 180 ಇದ್ದರೆ ಹೆಚ್ಚು.

ಯಾವ ಟೀಯೇ ಆಗಲಿ, ಎರಡು ಗುರುತುಗಳ ಮುಂಬದಿಯ ಗೆರೆಯಿಂದ ಹಿಂದಕ್ಕೆ ಎರಡು ಕ್ಲಬ್ (ಗಾಲ್ಫ್ ಕೋಲು) ಉದ್ದದವರೆಗಿನ ಆಯತದೊಳಗೆ ಚೆಂಡು ಇರಬೇಕು. ನೀವು ಹೊರಗೆ ನಿಲ್ಲಬಹುದು. ಗೆರೆಯ ಮುಂದೆ ಚೆಂಡಿಟ್ಟು ಹೊಡೆದರೆ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎರಡು ಹೊಡೆತದ ದಂಡ, ಜೊತೆಗೆ ಸರಿಯಾದ ಜಾಗದಿಂದ ಮತ್ತೆ ಹೊಡೆಯಬೇಕು.

ಇನ್ನು ಮರದ ಟೀ. ನಿಯಮದ ಪ್ರಕಾರ ಅದು ನಾಲ್ಕು ಇಂಚು ಮೀರುವಂತಿಲ್ಲ. ಡ್ರೈವ್ ಹೊಡೆಯುವ, ಈಗಿನ ದಪ್ಪ ತಲೆಯ ಡ್ರೈವರ್ ಕೋಲಿಗೆ ಮೂರೂ ಕಾಲು ಇಂಚಿನದು ಸಾಕು. ಕ್ಲಬ್ಬನ್ನು ನೆಲಕ್ಕೆ ಊರಿದಾಗ ಅದರ ನೆತ್ತಿಗಿಂತ ಮೇಲೆ ಅರ್ಧ ಚೆಂಡು ಕಾಣಬೇಕು. ಮೂರನೇ ವುಡ್‌ಗೆ ಟೀ ಅರ್ಧ ಇಂಚು ಮೇಲಿದ್ದರೆ ಸರಿ, ಐರನ್‌ಗೆ ಅದರ ತಲೆ ಹುಲ್ಲಿಗಿಂತ ತುಸು ಮೇಲೆ ಇದ್ದರೆ ಸಾಕು. ಪ್ರತಿ ಸಲ ಒಂದೇ ಎತ್ತರ ಬರುತ್ತಿಲ್ಲವೆಂದರೆ ನಡುವೆ ಮೆಟ್ಟಿಲಿರುವ ಪ್ಲಾಸ್ಟಿಕ್ ಟೀ ಕೊಳ್ಳಿ, ಆ ಮೆಟ್ಟಿಲಿನವರೆಗೆ ಒತ್ತಿದರಾಯಿತು. ಮುರಿದ ಮರದ ಟೀಗಳನ್ನು ಎಸೆಯಬೇಡಿ. ಪಾರ್-3ರಲ್ಲಿ ಐರನ್ ಹೊಡೆಯಲು ಅವೇ ಸಾಕು.