ಕೊಳಚೆ ನೀರಿನ ಶುದ್ಧೀಕರಣ ಮತ್ತು ಹಸಿರುಮನೆ ಅನಿಲ: 44/28 ಎಲ್ಲಿಂದ ಬಂತು?

ಕೊಳಚೆ ನೀರು ಶುದ್ಧೀಕರಿಸುವ ಘಟಕದಿಂದ ಮುಖ್ಯವಾಗಿ ಮೂರು ಹಸಿರುಮನೆ ಅನಿಲ ಹೊರಬರುತ್ತವೆ. ಮಲದಲ್ಲಿರುವ ಕಾರ್ಬನ್ ಕೊಳೆತು ಬರುವ ಕಾರ್ಬನ್ ಡೈಆಕ್ಸೈಡನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನಾವು ತಿಂದ ಆಹಾರದ್ದು, ಗಿಡಗಳು ಗಾಳಿಯಿಂದಲೇ ಹೀರಿಕೊಂಡದ್ದು. ಮೀಥೇನ್ ಹುಟ್ಟುವುದು ಗಾಳಿ ಸಿಗದ ಕಡೆ. ಡೈಜೆಸ್ಟರ್ (ಗಾಳಿಯಿಲ್ಲದೆ ಕೊಳೆಸುವ ಮುಚ್ಚಿದ ತೊಟ್ಟಿ) ಸೋರದಂತೆ ನೋಡಿಕೊಂಡು, ಸ್ಲಡ್ಜ್ (ತಳಕ್ಕಿಳಿದ ಕೆಸರು) ತೊಟ್ಟಿಗೆ ಮುಚ್ಚಳ ಹಾಕಿ, ಸಿಕ್ಕ ಗ್ಯಾಸನ್ನು ಉರಿಸಿ ಕರೆಂಟ್ ಮಾಡಿಕೊಳ್ಳಬೇಕು.

ನಾನು ಎರಡು ದಿನ ಒದ್ದಾಡಿದ್ದು ಮೂರನೆಯದರಲ್ಲಿ, ನೈಟ್ರಸ್ ಆಕ್ಸೈಡ್‌ನಲ್ಲಿ.

ಗಾಳಿ ಊದಿ ಶುದ್ಧೀಕರಿಸುವ ಘಟಕಗಳಿಗೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ತನ್ನ ಲೆಕ್ಕದ ಮಾರ್ಗಸೂಚಿಗೆ 2019ರಲ್ಲಿ ಮಾಡಿದ ಪರಿಷ್ಕರಣೆ 0.016 ಎಂಬ ಅಂಕಿ ಕೊಡುತ್ತದೆ. ಅಂದರೆ ಕೊಳಚೆಯೊಂದಿಗೆ 1,000 ಕೆಜಿ ನೈಟ್ರೋಜನ್ ಒಳಬಂದರೆ ನೈಟ್ರಸ್ ಆಕ್ಸೈಡ್ ಲೆಕ್ಕಕ್ಕೆ 16 ಕೆಜಿ. ನೂರು ವರ್ಷದ ಲೆಕ್ಕದಲ್ಲಿ ಈ ಅನಿಲ ಕಾರ್ಬನ್ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಹಿಡಿಯುತ್ತದೆ. ಸುಮ್ನೆ 16 × 273 ಮಾಡಿ 4,368 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಎಂದು ಬರೆದೆ. ಸರಿ ಉತ್ತರ 6,864.

ಆ 16 ಕೆಜಿ ಅನಿಲದ ತೂಕ ಅಲ್ಲ! ಅನಿಲದೊಳಗಿನ ನೈಟ್ರೋಜನ್‌ನದು ಮಾತ್ರ. ಆಕ್ಸಿಜನ್ ತೂಕ ಇನ್ನೂ ಸೇರಬೇಕು. ಒಂದು ಅಣುವಿನಲ್ಲಿ ಎರಡು ನೈಟ್ರೋಜನ್, 14 + 14 = 28. ಒಂದು ಆಕ್ಸಿಜನ್, 16. ಒಟ್ಟು 44. ಅಂದರೆ 28 ಕೆಜಿ ನೈಟ್ರೋಜನ್ ಹಾರಿಹೋದರೆ ಹೊರಗೆ ಬಂದ ಅನಿಲ 44 ಕೆಜಿ. ಹಾಗಾಗಿ 16 × 44/28 = 25.14 ಕೆಜಿ. ಅದನ್ನು 273ರಿಂದ ಗುಣಿಸಿದರೆ 6,864. ಕೋಷ್ಟಕದಲ್ಲಿ ಕೆಜಿ ಎಂದಿದ್ದರೆ ಸಾಲದು, ಯಾವುದರ ಕೆಜಿ ಅಂತ ಮೊದಲು ನೋಡಿ.

ಈಗ ಕಡಿಮೆ ಮಾಡುವ ವಿಷಯ. ಘಟಕದ ಕರೆಂಟ್‌ನಲ್ಲಿ ಜಾಸ್ತಿ ಪಾಲು ತಿನ್ನುವುದು ಗಾಳಿ ಊದುವ ಬ್ಲೋವರ್. ಅದನ್ನು ತಗ್ಗಿಸಿದರೆ ಉಳಿತಾಯ ಅಲ್ವಾ? ಅತಿಯಾಗಿ ತಗ್ಗಿಸಿದರೆ ಆಕ್ಸಿಜನ್ ಸಾಲದೆ ನೈಟ್ರೈಟ್ (ಕೊಳಚೆಯ ಅಮೋನಿಯಾ ನೈಟ್ರೇಟ್ ಆಗುವ ದಾರಿಯ ನಡುವಿನ ರೂಪ) ಶೇಖರವಾಗುತ್ತದೆ, ಬ್ಯಾಕ್ಟೀರಿಯಾ ನೈಟ್ರಸ್ ಆಕ್ಸೈಡ್ ಬಿಡುತ್ತವೆ. ಒಂದು ಯೂನಿಟ್ ಕರೆಂಟ್‌ಗೆ 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿಯೋಣ. ಕಷ್ಟಪಟ್ಟು 390 ಯೂನಿಟ್ (390 × 0.7 = 273 ಕೆಜಿ) ಉಳಿಸಿ, ಅದೇ ಕಾರಣಕ್ಕೆ ಒಂದೇ ಒಂದು ಕೆಜಿ ನೈಟ್ರಸ್ ಆಕ್ಸೈಡ್ ಜಾಸ್ತಿ ಹೊರಬಿದ್ದರೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನೈಟ್ರೋಜನ್ ತೆಗೆಯಲು ಇರುವ ಗಾಳಿ ಊದದ ತೊಟ್ಟಿಯಲ್ಲಿ ಕತೆ ತಿರುಗುಮುರುಗು. ಅಲ್ಲಿ ಕೊನೆಯ ಹಂತದಲ್ಲಿ ನೈಟ್ರಸ್ ಆಕ್ಸೈಡ್ ಬರೀ ನೈಟ್ರೋಜನ್ ಆಗಬೇಕು. ಆಕ್ಸಿಜನ್ ನುಸುಳಿದರೆ, ಇಲ್ಲವೇ ಬ್ಯಾಕ್ಟೀರಿಯಾಗೆ ತಿನ್ನಲು ಕಾರ್ಬನ್ ಸಾಲದಿದ್ದರೆ, ಆ ಹಂತವೇ ನಿಲ್ಲುತ್ತದೆ. ಅದಕ್ಕೇ ಬ್ಲೋವರ್ ಏರಿಸುವ ಇಲ್ಲವೇ ತಗ್ಗಿಸುವ ಮುಂಚೆ ಅಮೋನಿಯಾ, ನೈಟ್ರೈಟ್ ಎರಡರ ಅಳತೆಯೂ ಕಣ್ಣೆದುರು ಇರಬೇಕು.